ಸ್ಟಿರಾಯ್ಡ್ ಮಾತ್ರೆ ಯಾವ ಹೊತ್ತಿಗೆ? ಕೀಲು ನೋವಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಗೋಣಿಕೊಪ್ಪದ ಕಡೆ ಔಷಧಿ ಅಂಗಡಿ ನಡೆಸುವವನು, ಡಾಕ್ಟರ್ ಅಲ್ಲ. ಆದರೆ ಚೀಟಿ ಬರೆದ ಡಾಕ್ಟರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುತ್ತಾರೆ. ಮನೆಗೆ ಬಂದ ಮೇಲೆ ಹುಟ್ಟುವ ಅನುಮಾನಗಳೆಲ್ಲ ನಮ್ಮ ಕೌಂಟರಿಗೆ ಬರುತ್ತವೆ. ಸಂತೆ ದಿನ ಎದುರಿಗೆ ನಿಂತು ಕೇಳುತ್ತಾರೆ, ಉಳಿದ ದಿನ ವಾಟ್ಸ್ಯಾಪ್‌ನಲ್ಲಿ. ಅದರಲ್ಲಿ ಜಾಸ್ತಿ ಬರುವುದು ಸ್ಟಿರಾಯ್ಡ್ ಮಾತ್ರೆ ತಗೊಳ್ಳುವ ಹೊತ್ತಿನ ಬಗ್ಗೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಡೋಸ್ ಜಾಸ್ತಿ ಮಾಡಿ ಅಂತ ಕೇಳುವ ಮೊದಲು, ನೋವು ಯಾವ ಹೊತ್ತಿಗೆ ಬರುತ್ತದೆ, ಮಾತ್ರೆ ಯಾವ ಹೊತ್ತಿಗೆ ಒಳಗೆ ಹೋಗುತ್ತದೆ ಅಂತ ಒಮ್ಮೆ ನೋಡಿ. ಹೊತ್ತು ಬದಲಿಸುವುದನ್ನು ಮಾತ್ರ ಡಾಕ್ಟರನ್ನು ಕೇಳಿಯೇ ಮಾಡಿ.

ಮೊದಮೊದಲ ಪ್ರಶ್ನೆಗಳು

ಇದೂ ಒಂದು ನೋವಿನ ಮಾತ್ರೆ ತಾನೇ? ನೋವು ಬಂದಾಗ ಮಾತ್ರ ನುಂಗಿದ್ರೆ ಸಾಲದಾ?

ಸಾಲದು. ಪ್ಯಾರಾಸಿಟಮಾಲ್ ಥರ ಇದು ನೋವನ್ನು ನೇರವಾಗಿ ತಗ್ಗಿಸುವ ಮಾತ್ರೆ ಅಲ್ಲ. ಕೀಲಿನೊಳಗೆ ನಡೆಯುವ ಉರಿಯೂತವನ್ನು ಇದು ತಣ್ಣಗಾಗಿಸುತ್ತದೆ, ಊತ ಇಳಿದಾಗ ನೋವೂ ಇಳಿಯುತ್ತದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರು ಸಂಧಿವಾತದ ರೋಗಿಗೆ ಮೊದಲ ಸಲ ಕಾರ್ಟಿಸೋನ್ ಕೊಟ್ಟರು. ನಡೆಯಲು ಒದ್ದಾಡುತ್ತಿದ್ದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ನೊಬೆಲ್ ಬಂತು. ಅಡ್ಡ ಪರಿಣಾಮಗಳ ಪಟ್ಟಿ ಬೆಳೆದದ್ದೂ ಅದೇ ವರ್ಷಗಳಲ್ಲಿ.

ನಮ್ಮಲ್ಲಿ ಜಾಸ್ತಿ ಬರೆಯುವುದು ಪ್ರೆಡ್ನಿಸೊಲೋನ್. ವೈಸೋಲೋನ್, ಓಮ್ನಾಕಾರ್ಟಿಲ್ ಎಂಬ ಹೆಸರಲ್ಲಿ ಸಿಗುತ್ತದೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಇದಕ್ಕೇ. ಬೇಕಾದಾಗ ನುಂಗಿ ಬೇಡದಾಗ ಬಿಟ್ಟರೆ ಉರಿಯೂತವೂ ಹಿಡಿತಕ್ಕೆ ಬರಲ್ಲ, ದೇಹಕ್ಕೂ ಗೊಂದಲ.

ಬೆಳಿಗ್ಗೆ ತಿಂಡಿ ಆದ ಮೇಲೆ ಅಂತಲೇ ಯಾಕೆ ಬರೀತಾರೆ? ಎಲ್ಲರಿಗೂ ಅದೇ ಬರ್ದಿರ್ತಾರಲ್ಲ.

ನಮ್ಮ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಕಾರ್ಟಿಸಾಲ್ ಎಂಬ ಹಾರ್ಮೋನ್ ಮಾಡುತ್ತದೆ. ಅದು ನಮ್ಮದೇ ದೇಹದ ಸ್ಟಿರಾಯ್ಡ್. ನಡುರಾತ್ರಿಯಲ್ಲಿ ಅದು ತೀರಾ ಕಡಿಮೆ ಇರುತ್ತದೆ, ಬೆಳಗಿನ ಜಾವ ಏರಲು ಶುರುವಾಗಿ ಏಳುವ ಹೊತ್ತಿಗೆ, ಅಂದರೆ 6ರಿಂದ 8 ಗಂಟೆಯೊಳಗೆ, ದಿನದ ಗರಿಷ್ಠಕ್ಕೆ ಬರುತ್ತದೆ. ಆಮೇಲೆ ಸಂಜೆವರೆಗೆ ಇಳಿಯುತ್ತಾ ಹೋಗುತ್ತದೆ. ಮಾತ್ರೆಯನ್ನೂ ಅದೇ ಹೊತ್ತಿಗೆ ಕೊಟ್ಟರೆ ದೇಹದ ಲಯಕ್ಕೆ ಹೊಂದುತ್ತದೆ, ಗ್ರಂಥಿಯ ಕೆಲಸಕ್ಕೆ ಅಡ್ಡಿ ಸ್ವಲ್ಪ ಕಡಿಮೆ, ರಾತ್ರಿ ನಿದ್ದೆಯೂ ಉಳಿಯುತ್ತದೆ.

ತಿಂಡಿ ಆದ ಮೇಲೆ ಅನ್ನುವುದು ಹೊಟ್ಟೆ ಉರಿಯದಿರಲಿ ಅಂತ. ಅಕ್ಕಿ ರೊಟ್ಟಿಯೋ ನೂಲ್‌ಪುಟ್ಟೋ, ಏನೋ ಒಂದು ಹೊಟ್ಟೆಗೆ ಬಿದ್ದಿದ್ದರೆ ಸಾಕು.

ಅಮ್ಮನಿಗೆ ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೇ ಆಗಲ್ಲ, ಹತ್ತು ಗಂಟೆ ಆದ್ರೆ ಎಲ್ಲಾ ಕೆಲಸ ಮಾಡ್ತಾರೆ. ಮನೇಲಿ ನಾಟಕ ಅಂತಾರೆ.

ನಾಟಕ ಅಲ್ಲ. ದಯವಿಟ್ಟು ಮನೆಯವರಿಗೆ ಇದನ್ನು ಓದಿ ಹೇಳಿ.

ರುಮಟಾಯ್ಡ್ ಸಂಧಿವಾತದ ಗುರುತೇ ಅದು. ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಥರದ ಪದಾರ್ಥಗಳು ರಾತ್ರಿ ಹೊತ್ತು ರಕ್ತದಲ್ಲಿ ಏರುತ್ತಾ ಹೋಗಿ ಬೆಳಗಿನ ಜಾವ ಜಾಸ್ತಿ ಆಗುತ್ತವೆ. ಅದನ್ನು ತಡೆಯಲು ದೇಹದ ಕಾರ್ಟಿಸಾಲ್ ಸಾಕಾಗುವುದಿಲ್ಲ. ಹಾಗಾಗಿ ಎದ್ದ ಕೂಡಲೇ ಲೋಟ ಹಿಡಿಯಲು ಆಗಲ್ಲ, ರವಿಕೆ ಗುಂಡಿ ಹಾಕಲು ಆಗಲ್ಲ, ಬಾಗಿಲ ಚಿಲಕ ಎರಡೂ ಕೈಯಲ್ಲಿ ಎಳೆಯಬೇಕು. ಹೊತ್ತು ಏರಿದ ಹಾಗೆ ಬಿಗಿತ ಸಡಿಲ ಆಗುತ್ತದೆ. ಸವೆದ ಮಂಡಿಯ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಹೋಗುತ್ತದೆ, ನಡೆದಷ್ಟೂ ನೋವು ಜಾಸ್ತಿ. ಉರಿಯೂತದ ನೋವಿನಲ್ಲಿ ಉಲ್ಟಾ: ಮಲಗಿದಷ್ಟೂ ಬಿಗಿ, ಆಡಿಸಿದಷ್ಟೂ ಹಗುರ. ಮಂಡಿ ಸವೆತಕ್ಕೆ ದಿನಾ ಸ್ಟಿರಾಯ್ಡ್ ಮಾತ್ರೆ ನುಂಗಿ ಪ್ರಯೋಜನ ಇಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಖಾಲಿ ಹೊಟ್ಟೇಲಿ ಬೆಲ್ಲದ ಕಾಫಿ ಜೊತೆ ನುಂಗಬಹುದಾ?

ನಮ್ಮೂರಲ್ಲಿ ಇದನ್ನು ಕೇಳದವರೇ ಇಲ್ಲ. ಕಾಫಿಗೂ ಪ್ರೆಡ್ನಿಸೊಲೋನ್‌ಗೂ ಜಗಳ ಏನಿಲ್ಲ. ಆದರೆ ಬರೀ ಕಾಫಿ ಅಂದರೆ ಹೊಟ್ಟೆಗೆ ಆಹಾರ ಹೋದ ಹಾಗಲ್ಲ. ಎರಡೂ ಹೊಟ್ಟೆ ಕೆರಳಿಸುತ್ತವೆ, ಎರಡೂ ಎದೆ ಡವಗುಟ್ಟಿಸುತ್ತವೆ. ಜೊತೆಗೆ ಎರಡು ಬಿಸ್ಕತ್ತೋ ಬಾಳೆಹಣ್ಣೋ ಇರಲಿ. ಶುಗರ್ ಇದ್ದವರು ಬೆಲ್ಲಕ್ಕೆ ಏನೂ ಆಗಲ್ಲ ಅಂತ ಅಂದುಕೊಳ್ಳಬೇಡಿ, ಅದೂ ಸಕ್ಕರೆಯೇ.

ಬೆಳಿಗ್ಗೆ ಮರೆತುಹೋಯ್ತು, ಈಗ ಸಂಜೆ ಐದು. ಏನ್ ಮಾಡ್ಲಿ?

ಅದೇ ದಿನ ನೆನಪಾದರೆ ಏನಾದರೂ ತಿಂದು ತಗೊಳ್ಳಿ. ರಾತ್ರಿ ನಿದ್ದೆ ಸ್ವಲ್ಪ ಕೆಡಬಹುದು, ಪರವಾಗಿಲ್ಲ. ನೆನಪಾಗುವಾಗ ಮರುದಿನ ಬೆಳಿಗ್ಗೆ ಆಗಿದ್ದರೆ ಹಳೆಯದನ್ನು ಬಿಡಿ, ಅವತ್ತಿನದು ಮಾತ್ರ ತಗೊಳ್ಳಿ. ಎರಡು ದಿನದ್ದು ಒಟ್ಟಿಗೆ ಬೇಡ. ತಿಂಗಳುಗಟ್ಟಲೆ ತಗೊಳ್ಳುತ್ತಿರುವವರು ಸಾಲಾಗಿ ಎರಡು ಮೂರು ದಿನ ಬಿಟ್ಟಿದ್ದರೆ ಅದು ಸಣ್ಣ ವಿಷಯ ಅಲ್ಲ, ಡಾಕ್ಟರಿಗೆ ಫೋನ್ ಮಾಡಿ.

ಹೊತ್ತು ಬದಲಿಸುವ ವಿಚಾರ

ನೋವು ಬೆಳಿಗ್ಗೆ ಬರುತ್ತೆ. ಹಾಗಿದ್ರೆ ರಾತ್ರಿ ಮಲಗುವಾಗ ತಗೊಂಡ್ರೆ ಆಯ್ತಲ್ಲ?

ಒಳ್ಳೆ ಪ್ರಶ್ನೆ. ದೊಡ್ಡ ದೊಡ್ಡ ಡಾಕ್ಟರುಗಳೂ ಇದನ್ನೇ ಕೇಳಿದ್ದಾರೆ.

ಉರಿಯೂತ ಏರುವುದು ನಡುರಾತ್ರಿ ಕಳೆದ ಮೇಲೆ. ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿದರೆ ರಕ್ತದಲ್ಲಿ ಅದು ತುಂಬಿಕೊಳ್ಳಲು ಒಂದೆರಡು ಗಂಟೆ ಬೇಕು, ಅಷ್ಟರಲ್ಲಿ ಬಿಗಿತದ ಹೊತ್ತು ಮುಗಿದೇ ಹೋಗಿರುತ್ತದೆ. 1997ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಸಣ್ಣ ಅಧ್ಯಯನದಲ್ಲಿ 26 ಸಂಧಿವಾತ ರೋಗಿಗಳಿಗೆ 5 ಅಥವಾ 7.5 ಮಿ.ಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟರು, ಕೆಲವರಿಗೆ ರಾತ್ರಿ 2 ಗಂಟೆಗೆ, ಕೆಲವರಿಗೆ ಬೆಳಿಗ್ಗೆ ಏಳೂವರೆಗೆ. 2 ಗಂಟೆಗೆ ತಗೊಂಡವರಿಗೆ ಬೆಳಗಿನ ಬಿಗಿತ, ನೋವು ಎರಡೂ ಚೆನ್ನಾಗಿ ಇಳಿಯಿತು. ಆದರೆ ದಿನಾ 2 ಗಂಟೆಗೆ ಏಳುವವರು ಯಾರು?

ಅದಕ್ಕೆ ತಡವಾಗಿ ಬಿಡುಗಡೆಯಾಗುವ, ಅದೇ ಜಾತಿಯ ಪ್ರೆಡ್ನಿಸೋನ್ ಮಾತ್ರೆ ಮಾಡಿದರು. ರಾತ್ರಿ 10 ಗಂಟೆ ಸುಮಾರಿಗೆ ನುಂಗಿದರೆ 4 ಗಂಟೆ ಆದ ಮೇಲೆ, ಅಂದರೆ 2 ಗಂಟೆ ಹೊತ್ತಿಗೆ, ಒಳಗಿನ ಔಷಧಿ ಹೊರಗೆ ಬರುತ್ತದೆ. 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 288 ರೋಗಿಗಳಿದ್ದರು. 12 ವಾರದ ಕೊನೆಗೆ, ಈ ಮಾತ್ರೆಯವರಿಗೆ ಬೆಳಗಿನ ಬಿಗಿತ ಸರಾಸರಿ 44 ನಿಮಿಷ ಕಡಿಮೆ ಆಯಿತು, ಮಾಮೂಲಿ ಮಾತ್ರೆಯನ್ನು ಬೆಳಿಗ್ಗೆ ತಗೊಂಡವರಿಗೆ ಅಷ್ಟು ಕಡಿಮೆ ಆಗಲಿಲ್ಲ. ಆದರೆ ಕಾಯಿಲೆಯ ಒಟ್ಟು ತೀವ್ರತೆ ಅಳೆಯುವ ಅಂಕದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊತ್ತು ಬದಲಿಸಿದರೆ ಬಿಗಿತಕ್ಕೆ ಅನುಕೂಲ, ಕಾಯಿಲೆಗೆ ಮದ್ದು ಅಲ್ಲ. ಯುರೋಪಿನಲ್ಲಿ ಇದಕ್ಕೆ ಲೋಡೋಟ್ರಾ ಅನ್ನುತ್ತಾರೆ, ಅಮೆರಿಕದಲ್ಲಿ ರೇಯೋಸ್, ಅಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ನನ್ನ ಅಂಗಡಿಯಲ್ಲಿ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಕೈಯಲ್ಲಿರುವುದು ಮಾಮೂಲಿ ಮಾತ್ರೆ. ಅದನ್ನು ರಾತ್ರಿ 10ಕ್ಕೆ ನುಂಗಿದರೆ 12ರೊಳಗೇ ರಕ್ತದಲ್ಲಿ ತುಂಬಿರುತ್ತದೆ, ನಿದ್ದೆ ಹಾಳು. ದೇಹ ಬೆಳಗಿನ ಕಾರ್ಟಿಸಾಲ್ ತಯಾರಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಬೇಡ ಬಿಡು ಅಂತ ಮೆದುಳಿಗೆ ಸೂಚನೆ ಹೋಗುತ್ತದೆ. ಗ್ರಂಥಿ ಬೇಗ ಸುಮ್ಮನಾಗುವುದು ಹೀಗೇ. ಆದ್ದರಿಂದ ಅವರು ಹೇಳಿದ ರಾತ್ರಿ ಮಾತ್ರೆ ಬೇರೆ, ನಮ್ಮ ರಾತ್ರಿ ಮಾತ್ರೆ ಬೇರೆ. ಇನ್ನೊಂದು ವಿಷಯ, ಹೊಟ್ಟೆಗೆ ತೊಂದರೆ ಆಗದಂತೆ ಹೊದಿಕೆ ಹಾಕಿದ ಮಾತ್ರೆಯೂ ಈ ತಡವಾಗಿ ಬಿಡುಗಡೆಯಾಗುವ ಮಾತ್ರೆಯೂ ಒಂದೇ ಅಲ್ಲ. ಹೊದಿಕೆ ಇರುವ ಯಾವುದನ್ನೂ ಮುರಿಯಬೇಡಿ, ಜಜ್ಜಬೇಡಿ.

ತೋಟದ ಕೆಲಸಕ್ಕೆ ಬೇಗ ಹೊರಡಬೇಕು. ಎಂಟು ಗಂಟೆ ಬದಲು ಐದು ಗಂಟೆಗೇ ತಗೊಂಡ್ರೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಬದಲಾವಣೆ ಇದು. ಡಾಕ್ಟರುಗಳೂ ಸಾಮಾನ್ಯವಾಗಿ ಬೇಗ ಒಪ್ಪುತ್ತಾರೆ. ಡೋಸ್ ಅದೇ, ಬೆಳಗಿನ ಹೊತ್ತೂ ಅದೇ, ಎರಡು ಮೂರು ಗಂಟೆ ಮೊದಲೇ ತಗೊಂಡದ್ದು ಅಷ್ಟೇ. ಕಾಫಿ ಕೊಯ್ಲಿನ ದಿನಗಳಲ್ಲಿ, ನವೆಂಬರ್‌ನಿಂದ ಅರೇಬಿಕಾ, ಆಮೇಲೆ ಮಾರ್ಚ್ ತನಕ ರೋಬಸ್ಟಾ, ಬೆಳಗಿನ ಚಳಿಗೆ ಬೆರಳು ಮೊದಲೇ ಸೆಟೆದಿರುತ್ತದೆ. ಗಿಡದಿಂದ ಹಣ್ಣು ಕೀಳಲು ಬೇಕಾದ್ದು ಅದೇ ಬೆರಳು. ಐದಕ್ಕೆ ತಗೊಂಡರೆ ಏಳಕ್ಕೆ ಕೈ ಸ್ವಲ್ಪ ಮಾತು ಕೇಳುತ್ತದೆ.

ಹೇಗೆ ಮಾಡುವುದು? ಮಲಗುವಾಗಲೇ ಮಂಚದ ಪಕ್ಕ ಒಂದು ಡಬ್ಬಿಯಲ್ಲಿ ಅವತ್ತಿನ ಮಾತ್ರೆ, ನಾಲ್ಕು ಬಿಸ್ಕತ್ತು, ಫ್ಲಾಸ್ಕಿನಲ್ಲಿ ಹಾಲು ಇಟ್ಟುಕೊಳ್ಳಿ. ಅಲಾರಂ ಹೊಡೆದಾಗ ತಿಂದು ನುಂಗಿ ಮತ್ತೆ ಅರ್ಧ ಗಂಟೆ ಮಲಗಿ. ಏಳುವ ಮೊದಲು ಕಂಬಳಿಯೊಳಗೇ ಬೆರಳು ಮಡಚಿ ಬಿಚ್ಚಿ ಮಾಡಿ, ಎದ್ದ ಮೇಲೆ ಬಿಸಿ ನೀರಿನಲ್ಲಿ ಕೈ ಅದ್ದಿ. ಒಂದು ವಾರ ನೋಡಿ. ಬಿಗಿತ ಹೋಗುವ ಗಂಟೆ ಬದಲಾಗದೇ ಇದ್ದರೆ ಸಮಸ್ಯೆ ಹೊತ್ತಿನದಲ್ಲ, ಕಾಯಿಲೆ ಹಿಡಿತಕ್ಕೆ ಬಂದಿಲ್ಲ ಅಂತ.

ಬೆಳಿಗ್ಗೆ ಚೆನ್ನಾಗಿರ್ತೀನಿ, ಸಂಜೆ ಆದ್ರೆ ಮತ್ತೆ ಶುರು. ಮಾತ್ರೆ ಅರ್ಧ ಮಾಡಿ ಎರಡು ಹೊತ್ತು ತಗೊಳ್ಲಾ?

ಪ್ರೆಡ್ನಿಸೊಲೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 2ರಿಂದ 4 ಗಂಟೆ ಸಾಕು, ಆದರೆ ಅದರ ಪರಿಣಾಮ 12ರಿಂದ 36 ಗಂಟೆ ಇರುತ್ತದೆ. ಹಾಗಾಗಿ ಬಹಳ ಜನಕ್ಕೆ ದಿನಕ್ಕೊಂದು ಸಲ ಸಾಕು. ಎರಡು ಹೊತ್ತಿಗೆ ಹಂಚಿದರೆ ನೋವಿಗೆ ಹಿಡಿತ ಸ್ವಲ್ಪ ಚೆನ್ನಾಗಿರಬಹುದು, ಅಡ್ಡ ಪರಿಣಾಮವೂ ಅಷ್ಟೇ ಚೆನ್ನಾಗಿರುತ್ತದೆ. ಡಾಕ್ಟರು ಹಂಚಲು ಹೇಳಿದರೆ ಸಾಮಾನ್ಯವಾಗಿ ದೊಡ್ಡ ಪಾಲು ಬೆಳಿಗ್ಗೆ, ಸಣ್ಣ ಪಾಲು ಮಧ್ಯಾಹ್ನ ಊಟ ಆದ ಮೇಲೆ. ಸಂಜೆಗೆ ತಳ್ಳಬೇಡಿ. ಅರ್ಧ ಮಾಡಿ ಅಂದರೆ ಒಂದು ಮಾತ್ರೆಯನ್ನು ಎರಡು ಮಾಡುವುದು, ಒಂದರ ಜಾಗದಲ್ಲಿ ಎರಡು ನುಂಗುವುದಲ್ಲ. ನಗಬೇಡಿ, ಆ ಗೊಂದಲ ಆಗಾಗ ಆಗುತ್ತದೆ.

ದಿನ ಬಿಟ್ಟು ದಿನ ತಗೊಂಡ್ರೆ ಸೈಡ್ ಎಫೆಕ್ಟ್ ಕಮ್ಮಿ ಅಂತ ಕೇಳಿದ್ದೆ?

ಕೆಲವು ಕಾಯಿಲೆಗಳಲ್ಲಿ ಹಾಗೆ ಕೊಡುತ್ತಾರೆ, ನಿಜ. ಸಂಧಿವಾತದಲ್ಲಿ ಇದು ಅಷ್ಟು ಸರಿ ಬರಲ್ಲ. ಮಾತ್ರೆ ಇಲ್ಲದ ದಿನ ನೋವು ತಿರುಗಿ ಬರುತ್ತದೆ, ಆಮೇಲೆ ಜನ ತಾವೇ ಡೋಸ್ ಏರಿಸಿಕೊಳ್ಳುತ್ತಾರೆ.

ಈ ಮಾತ್ರೆ ಶುರು ಮಾಡಿದಾಗಿಂದ ರಾತ್ರಿ ಕಣ್ಣು ಮುಚ್ಚಲ್ಲ, ಎಲ್ಲರ ಮೇಲೂ ಸಿಡುಕು.

ಎರಡೂ ಸ್ಟಿರಾಯ್ಡ್‌ನ ಕೆಲಸವೇ. ಮೊದಲು ಹೊತ್ತು ನೋಡಿ: ಹನ್ನೊಂದು ಗಂಟೆಗೆ ತಗೊಳ್ಳುತ್ತಿದ್ದರೆ ಏಳಕ್ಕೆ ತನ್ನಿ. ಸಂಜೆ ಕಾಫಿ ಬಿಟ್ಟು ನೋಡಿ, ಕೊಡಗಿನಲ್ಲಿ ಕಷ್ಟ ಅಂತ ಗೊತ್ತು. ನಿದ್ದೆ ಮಾತ್ರೆ ಕೊಡಿ ಅಂತ ನನ್ನನ್ನು ಕೇಳಬೇಡಿ, ಚೀಟಿ ಇಲ್ಲದೆ ಕೊಡಲ್ಲ. ಮಾತು ವಿಪರೀತ ಜಾಸ್ತಿ ಆಗುವುದು, ಇಲ್ಲದ್ದು ಕೇಳಿಸುವುದು, ಬದುಕೇ ಬೇಡ ಅನ್ನಿಸುವುದು, ಇವು ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.

ನಂಗೆ ನೈಟ್ ಡ್ಯೂಟಿ. ನನ್ನ ‘ಬೆಳಿಗ್ಗೆ’ ಯಾವುದು?

ಹೋಂಸ್ಟೇ, ರೆಸಾರ್ಟ್ ಕಾವಲಿನವರು, ನರ್ಸುಗಳು ಕೇಳುವ ಪ್ರಶ್ನೆ. ತಿಂಗಳುಗಟ್ಟಲೆ ರಾತ್ರಿ ಪಾಳಿಯೇ ಇದ್ದರೆ ನೀವು ಎದ್ದು ಮೊದಲು ಊಟ ಮಾಡುವ ಹೊತ್ತೇ ನಿಮ್ಮ ಬೆಳಿಗ್ಗೆ, ಡಾಕ್ಟರಿಗೆ ಹೇಳಿ ಹಾಗೆ ಹೊಂದಿಸಿಕೊಳ್ಳಬಹುದು. ವಾರಕ್ಕೊಮ್ಮೆ ಬದಲಾಗುವ ಪಾಳಿಯಾದರೆ ಮಾತ್ರೆಯನ್ನೂ ವಾರಕ್ಕೊಮ್ಮೆ ಓಡಾಡಿಸಬೇಡಿ, ಒಂದು ಹೊತ್ತಿಗೆ ಕಟ್ಟಿಹಾಕಿ. ಮಡಿಕೇರಿ ದಸರಾ ಮಂಟಪ ನೋಡಲು ಒಂದು ರಾತ್ರಿ ನಿದ್ದೆಗೆಟ್ಟರೆ, ಪುತ್ತರಿ ಹಬ್ಬಕ್ಕೆ ರಾತ್ರಿ ಊಟ ತಡವಾದರೆ ಏನೂ ಬದಲಿಸಬೇಡಿ. ಮರುದಿನ ಬೆಳಿಗ್ಗೆ ಮಾಮೂಲಿ ಹೊತ್ತಿಗೆ ತಗೊಳ್ಳಿ, ಅಷ್ಟೇ.

ಡಾಕ್ಟರ ಹತ್ರ ಹೊತ್ತು ಬದಲಿಸಿ ಅಂತ ಹೇಗೆ ಕೇಳೋದು? ಬೈದ್ರೆ?

ಬಾಯಲ್ಲಿ ಹೇಳುವುದಕ್ಕಿಂತ ಬರೆದು ತೋರಿಸಿ. ಒಂದು ವಾರ ಸಾಕು. ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ತಗೊಂಡು ದಿನಕ್ಕೊಂದು ಸಾಲು ಬರೆಯಿರಿ: ಎಷ್ಟು ಗಂಟೆಗೆ ಎದ್ದೆ, ಬೆರಳು ಪೂರ್ತಿ ಮಡಚಲು ಎಷ್ಟು ಗಂಟೆ ಆಯಿತು, ಮಾತ್ರೆ ಎಷ್ಟಕ್ಕೆ ನುಂಗಿದೆ, ರಾತ್ರಿ ನೋವಿಗೆ ಎಚ್ಚರ ಆಯಿತಾ, ಬೇರೆ ನೋವಿನ ಮಾತ್ರೆ ತಗೊಂಡೆನಾ. ‘ಎದ್ದದ್ದು 6, ಮುಷ್ಟಿ ಕಟ್ಟಿದ್ದು 8.30, ಮಾತ್ರೆ 9’ ಅಂತ ಏಳು ಸಾಲು ಇದ್ದರೆ ಡಾಕ್ಟರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ. ತುಂಬಾ ನೋವು ಸಾರ್ ಅಂದರೆ ಅವರಿಗೆ ಡೋಸ್ ಏರಿಸುವುದು ಬಿಟ್ಟು ಬೇರೆ ದಾರಿ ಕಾಣಲ್ಲ.

ಜೊತೆಗಿರುವ ಬೇರೆ ಕಾಯಿಲೆ, ಬೇರೆ ಮಾತ್ರೆ

ಬೆಳಿಗ್ಗೆ ಖಾಲಿ ಹೊಟ್ಟೇಲಿ ಶುಗರ್ ನಾರ್ಮಲ್ ಬರುತ್ತೆ. ಆದ್ರೂ ಸಂಜೆ ಬಾಯಿ ಒಣಗುತ್ತೆ, ಪದೇ ಪದೇ ಮೂತ್ರ.

ಬೆಳಿಗ್ಗೆ ತಗೊಂಡ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನದಿಂದ ಸಂಜೆವರೆಗೆ. ರಾತ್ರಿ ಕಳೆದು ಬೆಳಿಗ್ಗೆ ಆಗುವಾಗ ಮತ್ತೆ ಇಳಿದಿರುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದರೆ ಸಿಕ್ಕಿಬೀಳುವುದೇ ಇಲ್ಲ. ಮಧ್ಯಾಹ್ನ ಊಟ ಆಗಿ ಎರಡು ಗಂಟೆಗೆ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಒಮ್ಮೆ ನೋಡಿ. ಸ್ಟಿರಾಯ್ಡ್ ಹೊತ್ತು ಬದಲಿಸಿದರೆ ಶುಗರ್ ಏರುವ ಹೊತ್ತೂ ಬದಲಾಗುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆಯವರು ಅದನ್ನು ಬಿಟ್ಟು ಇದನ್ನು ಮಾತ್ರ ಸರಿಸಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ಶುಗರ್ ಡಾಕ್ಟರಿಗೂ ಕೀಲಿನ ಡಾಕ್ಟರಿಗೂ ಹೇಳಿ. ಒಬ್ಬರೇ ಆಗಿದ್ದರೆ ಇನ್ನೂ ಒಳ್ಳೆಯದು.

ಥೈರಾಯ್ಡ್, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್, ವಾರದ ಮಾತ್ರೆ. ಒಂದು ಮುಷ್ಟಿ ಆಗುತ್ತೆ. ಯಾವುದು ಯಾವಾಗ?

ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ಇದ್ದರೆ ತಿಂಡಿಗೆ ಅರ್ಧ ಗಂಟೆ ಮೊದಲು. ತಿಂಡಿ ಆದ ಮೇಲೆ ಸ್ಟಿರಾಯ್ಡ್. ಕ್ಯಾಲ್ಸಿಯಂ ಅನ್ನು ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರ ಇಡಬೇಕು, ಮಧ್ಯಾಹ್ನದ ಊಟಕ್ಕೋ ರಾತ್ರಿ ಊಟಕ್ಕೋ ಹಾಕಿಕೊಳ್ಳಿ. ಮೂರು ತಿಂಗಳಿಗಿಂತ ಜಾಸ್ತಿ ಸ್ಟಿರಾಯ್ಡ್ ತಗೊಳ್ಳುವವರಿಗೆ ಮೂಳೆ ಸವೆಯುತ್ತದೆ, ಡೋಸ್ ಸಣ್ಣದಾದರೂ. ಅದಕ್ಕೇ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆಯುವುದು. ದುಡ್ಡು ಉಳಿಸಲು ಚೀಟಿಯಲ್ಲಿ ಮೊದಲು ಹೊಡೆದುಹಾಕುವುದು ಅದನ್ನೇ, ನೋಡಿದಾಗ ಬೇಜಾರಾಗುತ್ತದೆ. ವರ್ಷಕ್ಕೊಮ್ಮೆ ಕಣ್ಣನ್ನೂ ತೋರಿಸಿ, ಪೊರೆಯೂ ಕಣ್ಣಿನ ಒತ್ತಡವೂ ಇದರಿಂದ ಬರುತ್ತವೆ.

ವಾರದ ಮಾತ್ರೆ ಅಂದರೆ ಸಂಧಿವಾತದ ಮೂಲ ಔಷಧಿ ಮೆಥೋಟ್ರೆಕ್ಸೇಟ್, ಅದು ವಾರಕ್ಕೆ ಒಂದೇ ದಿನ. ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಆ ದಿನದ ಹೆಸರನ್ನು ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ, ನಿಮ್ಮ ಅಂಗಡಿಯಲ್ಲೂ ಬರೆಸಿಕೊಳ್ಳಿ.

ಮದುವೆ ಮನೇಲಿ ಎರಡು ಪೆಗ್ ಆದ್ರೆ ಅವತ್ತಿನ ಮಾತ್ರೆ ಬಿಡ್ಲಾ?

ಮಾತ್ರೆ ಬಿಡಬೇಡಿ, ಪೆಗ್ ಬಿಡಿ. ಸ್ಟಿರಾಯ್ಡ್, ಮೇಲೆ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ, ಅದರ ಮೇಲೆ ಮದ್ಯ: ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವುದು ಹೀಗೆ ಸೇರಿದಾಗಲೇ. ಮಲ ಕಪ್ಪಗೆ ಟಾರಿನ ಬಣ್ಣದಲ್ಲಿ ಹೋದರೆ ಆಸ್ಪತ್ರೆಗೆ ಹೊರಡಿ. ಮೆಥೋಟ್ರೆಕ್ಸೇಟ್ ಇದ್ದರೆ ಲಿವರ್‌ಗೂ ಪೆಟ್ಟು.

ತಮ್ಮನಿಗೆ ಬೆನ್ನು ನೋವು ರಾತ್ರಿ ಮೂರು ಗಂಟೆಗೆ ಎಬ್ಬಿಸುತ್ತೆ. ಅಮ್ಮನ ಮಾತ್ರೆಯಲ್ಲಿ ಒಂದು ಕೊಟ್ಟೆ, ಏನೂ ಆಗ್ಲಿಲ್ಲ.

ಕೊಡಬಾರದಿತ್ತು. ಯುವಕರಿಗೆ ತಿಂಗಳುಗಟ್ಟಲೆ ಬೆಳಗಿನ ಜಾವ ಬರುವ, ಎದ್ದು ಓಡಾಡಿದರೆ ಇಳಿಯುವ ಬೆನ್ನು ನೋವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಆಗಿರಬಹುದು. ಬೆನ್ನುಮೂಳೆಯ ಆ ಕಾಯಿಲೆಗೆ ಸ್ಟಿರಾಯ್ಡ್ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ, ಎಷ್ಟು ಗಂಟೆಗೆ ಕೊಟ್ಟರೂ. ವ್ಯಾಯಾಮ, ಬೇರೆ ನೋವಿನ ಮಾತ್ರೆ, ಬೇಕಾದರೆ ಬಯಾಲಜಿಕ್ ಇಂಜೆಕ್ಷನ್ ಅದರ ದಾರಿ. ಕೀಲು ವಾತದ ಡಾಕ್ಟರಿಗೆ ತೋರಿಸಿ.

ಮೊದಲು ವೈಸೋಲೋನ್ 5 ಇತ್ತು, ಈಗ ಮೆಡ್ರಾಲ್ 4 ಬರೆದಿದ್ದಾರೆ. ಕಮ್ಮಿ ಮಾಡಿದ್ರಾ?

ಇಲ್ಲ, ಎರಡೂ ಸಮ. ಮೆಡ್ರಾಲ್ ಅಂದರೆ ಮೀಥೈಲ್‌ಪ್ರೆಡ್ನಿಸೊಲೋನ್. ಪ್ರೆಡ್ನಿಸೊಲೋನ್ 5 ಮಿ.ಗ್ರಾಂ ಅಂದರೆ ಮೀಥೈಲ್‌ಪ್ರೆಡ್ನಿಸೊಲೋನ್ 4, ಡೆಫ್ಲಜಾಕಾರ್ಟ್ 6, ಡೆಕ್ಸಾಮೆಥಾಸೋನ್ 0.75 ಮಿ.ಗ್ರಾಂ. ಕೊನೆಯದನ್ನು ಗಮನಿಸಿ: ಮಾತ್ರೆ ಸಣ್ಣದು, ಶಕ್ತಿ ಜಾಸ್ತಿ. ಡೆಕ್ಸಾ ಪರಿಣಾಮ 36ರಿಂದ 72 ಗಂಟೆ ಉಳಿಯುತ್ತದೆ, ಹಾಗಾಗಿ ಅದರಲ್ಲಿ ಹೊತ್ತಿನ ಆಟವೇ ನಡೆಯಲ್ಲ. ಗಂಟು ನೋವಿಗೆ ಅದನ್ನು ದಿನಾ ನುಂಗುವುದು ಬೇಡವೇ ಬೇಡ.

ಒಬ್ಬರು ಪುಡಿ ಕೊಡ್ತಾರೆ, ಒಂದೇ ದಿನಕ್ಕೆ ನೋವು ಮಾಯ. ಅದ್ರಲ್ಲಿ ಸ್ಟಿರಾಯ್ಡ್ ಇರುತ್ತಾ?

ಒಂದೇ ದಿನಕ್ಕೆ ಊತ, ಬಿಗಿತ, ಹಸಿವಿಲ್ಲದ್ದು ಎಲ್ಲ ಸರಿ ಹೋದರೆ ಅನುಮಾನ ಪಡಲೇಬೇಕು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ನಾಟಿ ಔಷಧಿ ಎಲ್ಲಾ ಹೀಗೆ ಅಂತ ನಾನು ಹೇಳುತ್ತಿಲ್ಲ. ಮುಖ ದುಂಡಗಾಗುವುದು, ಚರ್ಮ ತೆಳ್ಳಗಾಗಿ ಸಣ್ಣ ಪೆಟ್ಟಿಗೂ ಕಂದುಗಟ್ಟುವುದು, ಬಿ.ಪಿ. ಶುಗರ್ ಏರುವುದು ಕಂಡರೆ ಸುಳಿವು ಸಿಕ್ಕ ಹಾಗೆ. ಆದರೆ ಗೊತ್ತಾದ ಕೂಡಲೇ ಎಸೆಯಬೇಡಿ. ಉಳಿದ ಪುಡಿಯ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಇಳಿಸುವುದು, ನಿಲ್ಲಿಸುವುದು, ಎಚ್ಚರ

ನೋವು ಪೂರ್ತಿ ಹೋಗಿದೆ. ಇವತ್ತಿಂದ ನಿಲ್ಲಿಸ್ಲಾ?

ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿದ್ದಷ್ಟು ದಿನ ನಮ್ಮ ಗ್ರಂಥಿ ಸುಮ್ಮನೆ ಕೂತಿರುತ್ತದೆ. ಕಾಫಿ ಹೂ ಅರಳಿಸಲು ಕೊಡುವ ನೀರು ಮುಗಿದ ಮೇಲೆ ಶೆಡ್ಡಿಗೆ ತಳ್ಳಿದ ಸ್ಪ್ರಿಂಕ್ಲರ್ ಎಂಜಿನ್ ಮುಂದಿನ ಫೆಬ್ರವರಿಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ? ಇದೂ ಹಾಗೇ. ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಸುಸ್ತು, ವಾಂತಿ, ಹೊಟ್ಟೆ ನೋವು, ಎದ್ದು ನಿಂತರೆ ತಲೆ ಸುತ್ತು, ಬಿ.ಪಿ. ಕುಸಿತ. ಜೀವ ಹೋಗುವಷ್ಟು ಅಪಾಯವೂ ಆಗಬಹುದು.

ಹಾಗಂತ ಕೊನೆವರೆಗೂ ನುಂಗುತ್ತಾ ಇರಿ ಅಂತಲೂ ಅಲ್ಲ. ಸಂಧಿವಾತದಲ್ಲಿ ಮೆಥೋಟ್ರೆಕ್ಸೇಟ್ ಥರದ ಮೂಲ ಔಷಧಿ ಹಿಡಿತಕ್ಕೆ ಬರಲು ವಾರಗಳು ಬೇಕು, ಆ ಮಧ್ಯದ ದಿನಗಳಿಗೆ ಮಾತ್ರ ಸ್ಟಿರಾಯ್ಡ್, ಆಮೇಲೆ ಆದಷ್ಟು ಬೇಗ ಇಳಿಸಿ ನಿಲ್ಲಿಸಬೇಕು ಅನ್ನುವುದೇ ಈಗಿನ ಪದ್ಧತಿ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ 10 ಮಿ.ಗ್ರಾಂ ಕೊಂಡುಹೋಗುವವರು ಇದ್ದಾರೆ. ಅಂಥವರಿಗೆ ಹೊತ್ತು ಬದಲಿಸುವ ಮಾತಿಗಿಂತ ಮೊದಲು ಡಾಕ್ಟರನ್ನು ಮತ್ತೆ ನೋಡಿ ಅಂತ ಹೇಳುತ್ತೇನೆ.

5ಕ್ಕಿಂತ ಕೆಳಗೆ ಇಳಿಸಿದ ಕೂಡಲೇ ರಾತ್ರಿ ಭುಜ ನೋವು ಶುರು. ಮತ್ತೆ ಏರಿಸ್ಬೇಕಾ?

ಐವತ್ತು ದಾಟಿದವರಿಗೆ ಎರಡೂ ಭುಜ, ಸೊಂಟ ಹಿಡಿದುಕೊಳ್ಳುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಕಾಯಿಲೆಯವರು ಹೆಚ್ಚಾಗಿ ಕೇಳುವುದು ಇದು. ದಿನಕ್ಕೊಂದೇ ಹೊತ್ತು ಅನ್ನುವ ನಿಯಮಕ್ಕೆ ಒಪ್ಪಿದ ವಿನಾಯಿತಿ ಇರುವುದೂ ಇಲ್ಲೇ. 2015ರ ಅಂತಾರಾಷ್ಟ್ರೀಯ ಶಿಫಾರಸಿನ ಪ್ರಕಾರ 5 ಮಿ.ಗ್ರಾಂಗಿಂತ ಕೆಳಗೆ ಇಳಿಸುವಾಗ ರಾತ್ರಿ ನೋವು ಜೋರಾಗಿದ್ದರೆ, ಒಟ್ಟು ಡೋಸ್ ಏರಿಸದೆ ಅದನ್ನೇ ಎರಡು ಹೊತ್ತಿಗೆ ಹಂಚುವುದನ್ನು ಡಾಕ್ಟರು ಯೋಚಿಸಬಹುದು. ಇಳಿಸುವ ವೇಗವೂ ನಿಧಾನ, ನಾಲ್ಕು ವಾರಕ್ಕೆ 1 ಮಿ.ಗ್ರಾಂ. ಇದೇ ಕಾಯಿಲೆಯವರಿಗೆ ಹೊಸದಾಗಿ ತಲೆ ನೋವು, ಅಗಿಯುವಾಗ ದವಡೆ ನೋವು, ಕಣ್ಣು ಮಂಜು ಬಂದರೆ ಅದು ತುರ್ತು. ದೃಷ್ಟಿಯೇ ಹೋಗಬಹುದು. ಬೆಳಿಗ್ಗೆ ನೋಡೋಣ ಅನ್ನಬೇಡಿ.

ನಿಲ್ಲಿಸೋಕೆ ಮುಂಚೆ ಬೆಳಿಗ್ಗೆ ಎಂಟಕ್ಕೆ ಕಾರ್ಟಿಸಾಲ್ ಟೆಸ್ಟ್ ಬರೆದಿದ್ದಾರೆ. ಮಾತ್ರೆ ತಗೊಂಡು ಹೋಗ್ಲಾ?

ಬೇಡ. ಹಿಂದಿನ ದಿನ ಬೆಳಿಗ್ಗೆ ತಗೊಂಡದ್ದೇ ಕೊನೆ, ರಕ್ತ ಕೊಟ್ಟ ಮೇಲೆ ಅವತ್ತಿನದು ತಗೊಳ್ಳಿ. ನಡುವೆ 24 ಗಂಟೆ ಇರಲಿ, ಇಲ್ಲದಿದ್ದರೆ ಪ್ರೆಡ್ನಿಸೊಲೋನ್ ಅನ್ನೇ ಕಾರ್ಟಿಸಾಲ್ ಅಂತ ಯಂತ್ರ ಎಣಿಸಿಬಿಡಬಹುದು. ಸಾಮಾನ್ಯವಾಗಿ 10 ಮೈಕ್ರೋಗ್ರಾಂಗಿಂತ ಜಾಸ್ತಿ ಬಂದರೆ ಗ್ರಂಥಿ ಎದ್ದಿದೆ ಅಂತ, 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಕಾಯಬೇಕು. ಮಡಿಕೇರಿಗೆ ಹೋಗಿ ಕೊಡುವುದಾದರೆ ಬಸ್ಸು, ಮಂಜು ಲೆಕ್ಕ ಹಾಕಿ ಬೇಗ ಹೊರಡಿ. ಹನ್ನೊಂದಕ್ಕೆ ತೆಗೆದ ರಕ್ತಕ್ಕೆ ಈ ಲೆಕ್ಕ ನಡೆಯಲ್ಲ.

ಜ್ವರ ಬಂದ್ರೆ, ವಾಂತಿ ಆದ್ರೆ?

ಸಣ್ಣ ಡೋಸಿನಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಜ್ವರದ ದಿನಗಳಲ್ಲಿ ಡೋಸ್ ದುಪ್ಪಟ್ಟು ಮಾಡಲು ಡಾಕ್ಟರು ಹೇಳುವುದುಂಟು, ದೊಡ್ಡ ಡೋಸಿನವರಿಗೆ ಅದರ ಅಗತ್ಯ ಬೀಳದೇ ಇರಬಹುದು. ನಿಮ್ಮ ಲೆಕ್ಕ ಏನು ಅಂತ ಮುಂಚೆಯೇ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿ ಆದರೆ ಇನ್ನೊಮ್ಮೆ ತಗೊಳ್ಳಿ. ಅದೂ ನಿಲ್ಲದಿದ್ದರೆ ಮನೆಯಲ್ಲಿ ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ‘ದಿನಾ ಸ್ಟಿರಾಯ್ಡ್ ತಗೊಳ್ತೀನಿ’ ಅಂತ ಮೊದಲ ಮಾತಿನಲ್ಲೇ ಹೇಳಿ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕಾಗುತ್ತದೆ. ಆಪರೇಷನ್‌ಗೆ, ಹಲ್ಲು ಕೀಳಿಸಲು ಹೋಗುವಾಗಲೂ ಹೇಳಿ.

ತೋಟದಲ್ಲಿ ಬರಿಗಾಲಲ್ಲಿ ಓಡಾಡೋರು ಈ ಮಾತ್ರೆ ತಗೋಬಾರ್ದಂತೆ, ಹೌದಾ?

ತಗೋಬಾರದು ಅಂತಲ್ಲ, ಡಾಕ್ಟರಿಗೆ ಹೇಳಬೇಕು. ಒದ್ದೆ ಮಣ್ಣಿನಿಂದ ಕಾಲಿನ ಚರ್ಮ ತೂರಿ ಒಳಗೆ ಹೋಗುವ ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳ ಇದೆ. ವರ್ಷಗಟ್ಟಲೆ ಸುದ್ದಿಯಿಲ್ಲದೆ ಕರುಳಲ್ಲಿ ಇರುತ್ತದೆ. ಸ್ಟಿರಾಯ್ಡ್ ಬಿದ್ದಾಗ ವಿಪರೀತ ಹೆಚ್ಚಿ ಶ್ವಾಸಕೋಶದವರೆಗೂ ಹರಡಬಹುದು, ಅದು ಕೊಲ್ಲುವಂಥ ಸ್ಥಿತಿ. ಐವರ್‌ಮೆಕ್ಟಿನ್‌ನಿಂದ ಮೊದಲೇ ವಾಸಿ ಮಾಡಬಹುದು. ಟಿ.ಬಿ. ಇದ್ದವರು, ಮನೆಯಲ್ಲಿ ಯಾರಿಗಾದರೂ ಇದ್ದವರು ಅದನ್ನೂ ಮುಚ್ಚಿಡಬೇಡಿ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಸ್ಟಿರಾಯ್ಡ್‌ನ ಶಕ್ತಿಯನ್ನೇ ಕಡಿಮೆ ಮಾಡುತ್ತದೆ, ಆಗ ಹೊತ್ತು ಎಷ್ಟು ಬದಲಿಸಿದರೂ ನೋವು ಇಳಿಯಲ್ಲ.

ಮಳೆಗಾಲದಲ್ಲಿ ರಸ್ತೆ ಬಂದ್ ಆದ್ರೆ ಮಾತ್ರೆ ಹೇಗೆ?

2018ರ ಆಗಸ್ಟ್ ತಿಂಗಳ ಮಳೆ, ಗುಡ್ಡ ಕುಸಿತ ನೋಡಿದ ಕೊಡಗಿನವರಿಗೆ ಈ ಪ್ರಶ್ನೆ ಯಾಕೆ ಅಂತ ಹೇಳಬೇಕಿಲ್ಲ. ಜೂನ್ ಶುರುವಿಗೆ ಡಾಕ್ಟರನ್ನು ನೋಡಿ, ಮಾಮೂಲಿಗಿಂತ ಎರಡು ಮೂರು ವಾರದ್ದು ಜಾಸ್ತಿ ಬರೆಸಿಕೊಳ್ಳಿ. ಸ್ಟ್ರಿಪ್ಪನ್ನು ಬಿಡಿಸದೆ, ತೇವ ಹತ್ತದ ಹಾಗೆ ಮುಚ್ಚಳ ಇರುವ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡಬೇಡಿ. ಚೀಟಿಯ ಫೋಟೋ ಫೋನಿನಲ್ಲಿರಲಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಆಧಾರ್ ಕಾರ್ಡಿನ ಜೊತೆ ಈ ಡಬ್ಬಿಯೂ ಚೀಲಕ್ಕೆ ಬೀಳಲಿ, ಮಾತ್ರೆ ತೀರಿದ್ದರೆ ಕ್ಯಾಂಪಿಗೆ ಬರುವ ಡಾಕ್ಟರಿಗೆ ಹೆಸರು ಮತ್ತು ಮಿ.ಗ್ರಾಂ ಎರಡನ್ನೂ ಹೇಳಿ. ಸಿಕ್ಕಿದ್ದು ಬೇರೆ ಕಂಪನಿಯದ್ದಾದರೂ ಮಿ.ಗ್ರಾಂ ಅದೇ ಇದ್ದರೆ ತಗೊಳ್ಳಬಹುದು.